ತಂತ್ರಾಂಶ ವ್ಯವಸ್ಥೆಗಳ ಹೊರನಿಗಾ ಮತ್ತು ಒಳನಿಗಾ

ಹೊರನಿಗಾ ಮತ್ತು ಒಳನಿಗಾ ಎಂಬುವು ಚಾಲನೆಯಲ್ಲಿರುವ ತಂತ್ರಾಂಶ ವ್ಯವಸ್ಥೆಯ ಸ್ಥಿತಿಗತಿಯನ್ನು ಸತತವಾಗಿ ಅಳೆಯುವ ಎರಡು ಮೂಲ ವಿಧಾನಗಳು. ವ್ಯವಸ್ಥೆಯ ಒಳರಚನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ಬಳಕೆದಾರನ ಜಾಗದಲ್ಲಿ ನಿಂತು ಕೋರಿಕೆ ಕಳಿಸಿ, ಬಂದ ಉತ್ತರವನ್ನು ಪರಿಶೀಲಿಸುವುದು ಹೊರನಿಗಾ. ವ್ಯವಸ್ಥೆ ತನ್ನ ಕೆಲಸದ ಬಗ್ಗೆ ತಾನೇ ಹೊರಗೆಡಹುವ ಎಣಿಕೆಗಳು, ದಾಖಲೆಗಳು ಮತ್ತು ಜಾಡುಗಳನ್ನು ಸಂಗ್ರಹಿಸಿ ಓದುವುದು ಒಳನಿಗಾ. ಉದ್ಯಮದಲ್ಲಿ ಇವುಗಳಿಗೆ ಕ್ರಮವಾಗಿ ಬ್ಲ್ಯಾಕ್ ಬಾಕ್ಸ್ ಮಾನಿಟರಿಂಗ್, ವೈಟ್ ಬಾಕ್ಸ್ ಮಾನಿಟರಿಂಗ್ ಎಂಬ ಹೆಸರುಗಳು ರೂಢಿಯಲ್ಲಿವೆ. ಬಳಕೆದಾರನಿಗೆ ಸೇವೆ ಸಿಗುತ್ತಿದೆಯೇ ಎಂಬ ಪ್ರಶ್ನೆಗೆ ಹೊರನಿಗಾ ಉತ್ತರಿಸುತ್ತದೆ. ಸಿಗದಿದ್ದರೆ ತೊಡಕು ಎಲ್ಲಿದೆ, ಏಕೆ ಬಂತು ಎಂಬುದನ್ನು ಒಳನಿಗಾ ತಿಳಿಸುತ್ತದೆ. ಒಂದನ್ನು ಇನ್ನೊಂದಕ್ಕೆ ಬದಲಿಯಾಗಿ ಬಳಸಲು ಬರುವುದಿಲ್ಲ.

ಪರಿಭಾಷೆ

ನಿಗಾ ಎಂದರೆ ಇಲ್ಲಿ ಒಮ್ಮೆ ಮಾಡಿ ಮುಗಿಸುವ ಪರೀಕ್ಷೆಯಲ್ಲ. ವ್ಯವಸ್ಥೆ ನಿಜವಾದ ಬಳಕೆದಾರರಿಗೆ ಸೇವೆ ಕೊಡುತ್ತಿರುವಾಗಲೇ ನಿಯತ ಅಂತರದಲ್ಲಿ ನಡೆಯುವ ಅಳತೆ. ಬಿಡುಗಡೆಗೆ ಮುನ್ನ ನಡೆಯುವ ಬ್ಲ್ಯಾಕ್ ಬಾಕ್ಸ್ ಮತ್ತು ವೈಟ್ ಬಾಕ್ಸ್ ಟೆಸ್ಟಿಂಗ್‌ಗೂ ಇದಕ್ಕೂ ಹೆಸರಿನ ನಂಟಿದೆ, ಕೆಲಸ ಬೇರೆ. ಹೊರಗಿನಿಂದ ಕೋರಿಕೆ ಕಳಿಸುವ ಸಣ್ಣ ತಂತ್ರಾಂಶವೇ ಪ್ರೋಬ್. ಕಾಲಕಾಲಕ್ಕೆ ದಾಖಲಾಗುವ ಸಂಖ್ಯೆ ಮೆಟ್ರಿಕ್. ನಡೆದ ಒಂದೊಂದು ಘಟನೆಯ ಬರಹರೂಪದ ದಾಖಲೆ ಲಾಗ್. ಒಂದೇ ಕೋರಿಕೆ ಹಲವು ಸರ್ವರ್‌ಗಳನ್ನು ಹಾದುಹೋದ ದಾರಿಯ ದಾಖಲೆ ಟ್ರೇಸ್. ಅಳತೆಯು ನಿಗದಿತ ಮಿತಿಯನ್ನು ದಾಟಿದಾಗ ಹೋಗುವ ಸಂದೇಶ ಅಲರ್ಟ್. ಅದನ್ನು ಪಡೆದು ತಕ್ಷಣ ಸ್ಪಂದಿಸಬೇಕಾದ ಸರದಿಗೆ ಆನ್‌ಕಾಲ್ ಎನ್ನುತ್ತಾರೆ.

ಹೊರಗು ಮತ್ತು ಒಳಗು ಎಂಬುವು ಸಾಪೇಕ್ಷ ಪದಗಳು. ಡೇಟಾಬೇಸ್ ನಿಧಾನವಾಗಿದೆ ಎಂಬುದು ಜಾಲತಾಣ ನಡೆಸುವ ತಂಡಕ್ಕೆ ಒಳಗಿನ ಕಾರಣ. ಡೇಟಾಬೇಸ್ ನೋಡಿಕೊಳ್ಳುವ ತಂಡಕ್ಕೆ ಅದು ಹೊರಗೆ ಕಾಣುವ ಲಕ್ಷಣ. ಹಲವು ಪದರಗಳಿರುವ ವ್ಯವಸ್ಥೆಯಲ್ಲಿ ಒಬ್ಬರ ಲಕ್ಷಣ ಇನ್ನೊಬ್ಬರ ಕಾರಣವಾಗುತ್ತದೆ ಎಂಬುದನ್ನು ಗೂಗಲ್‌ನ ಎಂಜಿನಿಯರ್‌ಗಳು 2016ರಲ್ಲಿ ಪ್ರಕಟಿಸಿದ ‘ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್’ ಪುಸ್ತಕ ಗುರುತಿಸಿದೆ. ಎರಡು ವಿಧಾನಗಳಿಗೂ ಇಂದು ಬಳಕೆಯಲ್ಲಿರುವ ವ್ಯಾಖ್ಯೆಗಳು ಹೆಚ್ಚಾಗಿ ಆ ಪುಸ್ತಕದ 6ನೆಯ ಅಧ್ಯಾಯದಿಂದ ಬಂದವು.

ಹುಟ್ಟು ಮತ್ತು ಬೆಳವಣಿಗೆ

ಒಳಗೇನಿದೆ ಎಂದು ನೋಡದೆ, ಕೊಟ್ಟದ್ದು ಮತ್ತು ಬಂದದ್ದನ್ನಷ್ಟೇ ಗಮನಿಸಿ ಒಂದು ಯಂತ್ರವನ್ನು ಅರಿಯುವ ಕಲ್ಪನೆ ತಂತ್ರಾಂಶಕ್ಕಿಂತ ಹಳೆಯದು. ಸೈಬರ್‌ನೆಟಿಕ್ಸ್ ಶಾಸ್ತ್ರದಲ್ಲಿ ರಾಸ್ ಆ್ಯಶ್‌ಬಿ 1956ರ ತಮ್ಮ ಪಠ್ಯದಲ್ಲಿ ಬ್ಲ್ಯಾಕ್ ಬಾಕ್ಸ್‌ಗೆ ಒಂದು ಪೂರ್ಣ ಅಧ್ಯಾಯ ಮೀಸಲಿಟ್ಟರು. ನಿಯಂತ್ರಣ ಸಿದ್ಧಾಂತದಲ್ಲಿ ರುಡಾಲ್ಫ್ ಕಾಲ್ಮನ್ 1960ರ ಸುಮಾರಿಗೆ, ಹೊರಗೆ ಸಿಗುವ ಸಂಕೇತಗಳಿಂದ ಒಳಸ್ಥಿತಿಯನ್ನು ಎಷ್ಟರಮಟ್ಟಿಗೆ ಊಹಿಸಬಹುದು ಎಂಬುದನ್ನು ಗಣಿತದ ಭಾಷೆಯಲ್ಲಿ ನಿರೂಪಿಸಿದರು. ಈಗ ಬಳಕೆಯಲ್ಲಿರುವ ‘ಅಬ್ಸರ್ವಬಿಲಿಟಿ’ ಎಂಬ ಮಾತಿನ ಮೂಲ ಅಲ್ಲಿದೆ.

ಜಾಲಬಂಧದ ಕಾಲದಲ್ಲಿ ಎರಡೂ ವಿಧಾನಗಳು ಹೆಚ್ಚು ಕಡಿಮೆ ಒಟ್ಟಿಗೇ ಬೆಳೆದವು. ಅಮೆರಿಕದ ಸೇನೆಯ ಬ್ಯಾಲಿಸ್ಟಿಕ್ ರಿಸರ್ಚ್ ಲ್ಯಾಬೊರೇಟರಿಯಲ್ಲಿದ್ದ ಮೈಕ್ ಮೂಸ್ 1983ರ ಡಿಸೆಂಬರ್‌ನಲ್ಲಿ ‘ಪಿಂಗ್’ ಬರೆದರು. ದೂರದ ಯಂತ್ರಕ್ಕೆ ಒಂದು ಪ್ರತಿಧ್ವನಿ ಕೋರಿಕೆ ಕಳಿಸಿ, ಉತ್ತರ ಬರಲು ಹಿಡಿದ ಸಮಯವನ್ನು ತೋರಿಸುವ ಈ ಸಣ್ಣ ಕಾರ್ಯಕ್ರಮ ಹೊರನಿಗಾದ ಅತ್ಯಂತ ಸರಳ ರೂಪ. ಅದೇ ದಶಕದಲ್ಲಿ ಎರಿಕ್ ಆಲ್‌ಮನ್ ಸೆಂಡ್‌ಮೇಲ್ ಯೋಜನೆಯ ಭಾಗವಾಗಿ ರೂಪಿಸಿದ ‘ಸಿಸ್‌ಲಾಗ್’ ಲಾಗ್‌ಗಳಿಗೆ ಸಾಮಾನ್ಯ ದಾರಿ ಹಾಕಿಕೊಟ್ಟಿತು. ಅದರ ಎಂಟು ತೀವ್ರತಾ ಮಟ್ಟಗಳು ಇಂದಿಗೂ ಬಳಕೆಯಲ್ಲಿವೆ. 1988ರಲ್ಲಿ ಬಂದ ಎಸ್‌ಎನ್‌ಎಂಪಿ ಶಿಷ್ಟಾಚಾರವು ರೂಟರ್, ಸ್ವಿಚ್‌ಗಳು ತಮ್ಮೊಳಗಿನ ಎಣಿಕೆಗಳನ್ನು ಕೇಳಿದವರಿಗೆ ಕೊಡುವಂತೆ ಮಾಡಿತು. ಟೋಬಿಯಾಸ್ ಓಟಿಕರ್ 1995ರಲ್ಲಿ ಬಿಡುಗಡೆ ಮಾಡಿದ ಎಂಆರ್‌ಟಿಜಿ ಆ ಎಣಿಕೆಗಳನ್ನು ನಕ್ಷೆಯಾಗಿ ಬಿಡಿಸಿತು.

ಈಥನ್ ಗಾಲ್‌ಸ್ಟ್ಯಾಡ್ 1999ರಲ್ಲಿ ‘ನೆಟ್‌ಸೇಂಟ್’ ಎಂಬ ಹೆಸರಿನಲ್ಲಿ ಹೊರತಂದ, 2002ರಲ್ಲಿ ‘ನ್ಯಾಗಿಯೋಸ್’ ಎಂದು ಮರುನಾಮಕರಣಗೊಂಡ ತಂತ್ರಾಂಶ ಒಂದು ಪೀಳಿಗೆಯ ಸಿಸ್ಟಂ ಅಡ್ಮಿನ್‌ಗಳ ಮುಖ್ಯ ಸಾಧನವಾಯಿತು. ಅದರ ತಪಾಸಣೆಯ ಫಲಿತಾಂಶ ಸರಿ, ಎಚ್ಚರಿಕೆ, ಗಂಭೀರ, ಅಜ್ಞಾತ ಎಂಬ ನಾಲ್ಕರಲ್ಲಿ ಒಂದು. ನಿಗಾ ಎಂದರೆ ತಪಾಸಣೆ ಎಂಬ ದೃಷ್ಟಿ ಆ ಕಾಲದ್ದು. ಸಾವಿರಾರು ಸರ್ವರ್‌ಗಳ ಮೇಲೆ ಒಂದೇ ಸೇವೆ ಹರಡಿಕೊಂಡಾಗ ಈ ದೃಷ್ಟಿ ಸಾಲದಾಯಿತು. ಒಂದು ಯಂತ್ರ ಸತ್ತಿದೆ ಎಂಬ ಸುದ್ದಿಗೆ ಅಲ್ಲಿ ಬೆಲೆಯಿಲ್ಲ. ಒಟ್ಟು ಕೋರಿಕೆಗಳಲ್ಲಿ ಎಷ್ಟು ಪಾಲು ವಿಫಲವಾಗುತ್ತಿದೆ ಎಂಬುದೇ ಮುಖ್ಯ. ಗೂಗಲ್ 2003ರ ಸುಮಾರಿಗೆ ಒಳಬಳಕೆಗೆಂದು ಕಟ್ಟಿದ ‘ಬಾರ್ಗ್‌ಮನ್’ ಈ ಅಗತ್ಯದಿಂದ ಹುಟ್ಟಿತು. ಅದರ ಅನುಭವವಿದ್ದ ಎಂಜಿನಿಯರ್‌ಗಳು 2012ರಲ್ಲಿ ಸೌಂಡ್‌ಕ್ಲೌಡ್ ಸಂಸ್ಥೆಯಲ್ಲಿ ‘ಪ್ರೊಮಿಥಿಯಸ್’ ಆರಂಭಿಸಿದರು. ಅದು 2016ರಲ್ಲಿ ಕ್ಲೌಡ್ ನೇಟಿವ್ ಕಂಪ್ಯೂಟಿಂಗ್ ಫೌಂಡೇಶನ್‌ಗೆ ಸೇರಿತು. ಕುಬರ್ನೆಟೀಸ್ ನಂತರ ಆ ಪ್ರತಿಷ್ಠಾನ ಸ್ವೀಕರಿಸಿದ ಎರಡನೆಯ ಯೋಜನೆ ಇದು.

ಹೊರನಿಗಾದ ರಚನೆ

ಹೊರನಿಗಾದಲ್ಲಿ ಮೂರು ಅಂಗಗಳಿವೆ: ಪ್ರೋಬ್, ಅದು ನಿಂತ ಜಾಗ, ಉತ್ತರವನ್ನು ಒಪ್ಪುವ ಅಥವಾ ತಿರಸ್ಕರಿಸುವ ನಿಯಮ. ಒಂದು ಎಚ್‌ಟಿಟಿಪಿಎಸ್ ಪ್ರೋಬ್ ಹಂತಹಂತವಾಗಿ ಮಾಡುವ ಕೆಲಸವನ್ನು ನೋಡಿದರೆ, ಒಳಗೆ ಇಣುಕದೆಯೂ ಎಷ್ಟು ತಿಳಿಯಬಹುದು ಎಂಬುದು ಗೊತ್ತಾಗುತ್ತದೆ. ಮೊದಲು ಅದು ಡಿಎನ್‌ಎಸ್‌ನಲ್ಲಿ ತಾಣದ ಹೆಸರಿಗೆ ಐಪಿ ವಿಳಾಸ ಕೇಳುತ್ತದೆ. ಉತ್ತರ ಬರದಿದ್ದರೆ ತಾಣದ ಸರ್ವರ್‌ಗಳು ಚೆನ್ನಾಗಿದ್ದರೂ ಬಳಕೆದಾರನಿಗೆ ದಾರಿ ಇಲ್ಲ. ಎರಡನೆಯದು ಟಿಸಿಪಿ ಸಂಪರ್ಕ. ಸಂಪರ್ಕ ತಕ್ಷಣ ನಿರಾಕರಣೆಯಾದರೆ ಸಾಮಾನ್ಯವಾಗಿ ಯಂತ್ರ ಜೀವಂತವಿದೆ, ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವ ಕಾರ್ಯಕ್ರಮ ಮಾತ್ರ ಇಲ್ಲ. ಉತ್ತರವೇ ಬಾರದೆ ಟೈಮ್‌ಔಟ್ ಆದರೆ ಯಂತ್ರ ನಿಂತಿರಬಹುದು, ಫೈರ್‌ವಾಲ್ ತಡೆದಿರಬಹುದು, ಇಲ್ಲವೇ ನಡುದಾರಿಯಲ್ಲಿ ಪ್ಯಾಕೆಟ್ ಬಿದ್ದುಹೋಗುತ್ತಿರಬಹುದು. ಮೂರನೆಯ ಹಂತದ ಟಿಎಲ್‌ಎಸ್ ಹಸ್ತಲಾಘವದಲ್ಲಿ ಪ್ರಮಾಣಪತ್ರದ ಹೆಸರು ಮತ್ತು ಅವಧಿ ಸಿಗುತ್ತವೆ. ಆಮೇಲೆ ಕೋರಿಕೆ ಹೋಗಿ, ಮೊದಲ ಬೈಟ್ ಬರುವವರೆಗಿನ ಸಮಯ ದಾಖಲಾಗುತ್ತದೆ. ಕೊನೆಯದಾಗಿ ಉತ್ತರದ ಕೋಡ್ ಮತ್ತು ತಿರುಳಿನ ಪರಿಶೀಲನೆ. ಕೋಡ್ 200 ಎಂದಿದ್ದೂ ಪುಟದಲ್ಲಿ ‘ಸೇವೆ ಲಭ್ಯವಿಲ್ಲ’ ಎಂಬ ಸಾಲಷ್ಟೇ ಇರುವುದು ಅಪರೂಪವಲ್ಲ. ಹೀಗಾಗಿ ಪುಟದಲ್ಲಿ ಇರಲೇಬೇಕಾದ ಒಂದು ಪದ ಅಥವಾ ಬೆಲೆ ಇದೆಯೇ ಎಂದು ನೋಡದ ಪ್ರೋಬ್ ಅರೆಕೆಲಸ ಮಾಡಿದಂತೆ.

ಬಗೆಗಳಲ್ಲಿ ಪಿಂಗ್ ಮತ್ತು ಪೋರ್ಟ್ ತಪಾಸಣೆ ಅತ್ಯಂತ ಹಗುರ. ಎಪಿಐ ತಪಾಸಣೆ ಅದರ ಮೇಲಿನದು. ನಿಜವಾದ ಬ್ರೌಸರ್ ತೆರೆದು ಲಾಗಿನ್ ಆಗಿ, ವಸ್ತು ಹುಡುಕಿ, ಬುಟ್ಟಿಗೆ ಹಾಕಿ, ಪಾವತಿಯ ಪುಟದವರೆಗೆ ಹೋಗುವ ಸ್ಕ್ರಿಪ್ಟ್‌ಗಳಿಗೆ ಸಿಂಥೆಟಿಕ್ ಮಾನಿಟರಿಂಗ್ ಎನ್ನುತ್ತಾರೆ. ಇಂಥ ಅಳತೆಯನ್ನು ವ್ಯಾಪಾರವಾಗಿ ಬೆಳೆಸಿದ ಮೊದಲಿಗರಲ್ಲಿ 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪನೆಯಾದ ಕೀನೋಟ್ ಸಿಸ್ಟಮ್ಸ್ ಒಂದು. ಬ್ರೌಸರ್ ಸ್ಕ್ರಿಪ್ಟ್‌ಗಳು ಬಳಕೆದಾರನ ಅನುಭವಕ್ಕೆ ಹತ್ತಿರವಾದಷ್ಟೂ ನಾಜೂಕಾಗುತ್ತವೆ. ಒಂದು ಗುಂಡಿಯ ಹೆಸರು ಬದಲಾದರೂ ಸೇವೆ ಕೆಟ್ಟಿಲ್ಲದೆಯೇ ತಪಾಸಣೆ ವಿಫಲವಾಗುತ್ತದೆ.

ಪ್ರೋಬ್ ಎಲ್ಲಿ ನಿಂತಿದೆ ಎಂಬುದು ಅದು ಏನು ಮಾಡುತ್ತದೆ ಎಂಬುದರಷ್ಟೇ ಮುಖ್ಯ. ಸೇವೆಯಿರುವ ಡೇಟಾಸೆಂಟರ್‌ನಲ್ಲೇ ಕೂತ ಪ್ರೋಬ್‌ಗೆ ಹೊರಜಗತ್ತಿನ ದಾರಿ ಕಡಿದುಹೋದದ್ದು ತಿಳಿಯುವುದಿಲ್ಲ. ಕರ್ನಾಟಕದ ಬಳಕೆದಾರರಿಗೆಂದೇ ನಡೆಸುವ ತಾಣವನ್ನು ಅಮೆರಿಕದ ವರ್ಜೀನಿಯಾದಿಂದ ಮಾತ್ರ ತಪಾಸಿಸಿದರೆ ಹೋಗಿಬರುವ ಸಮಯವೇ 200 ಮಿಲಿಸೆಕೆಂಡ್ ಮೀರುವುದು ಸಾಮಾನ್ಯ. ಇಲ್ಲಿನ ಮೊಬೈಲ್ ಜಾಲಗಳ ಸ್ಥಿತಿಯಂತೂ ಅದಕ್ಕೆ ಕಾಣುವುದೇ ಇಲ್ಲ. ಹಲವು ಊರುಗಳಿಂದ, ಹಲವು ಜಾಲ ಸಂಸ್ಥೆಗಳ ಮೂಲಕ ಒಂದೇ ತಪಾಸಣೆ ನಡೆಸುವುದು ಈ ಕಾರಣಕ್ಕೆ. ಯುರೋಪಿನ ರೈಪ್ ಎನ್‌ಸಿಸಿ ಸಂಸ್ಥೆ 2010ರಲ್ಲಿ ಆರಂಭಿಸಿದ ‘ರೈಪ್ ಅಟ್ಲಾಸ್’ ಸ್ವಯಂಸೇವಕರ ಮನೆ ಮತ್ತು ಕಚೇರಿಗಳಲ್ಲಿಟ್ಟ ಸಾವಿರಾರು ಸಣ್ಣ ಸಾಧನಗಳ ಮೂಲಕ ಇಂಟರ್ನೆಟ್ಟನ್ನೇ ಹೊರಗಿನಿಂದ ಅಳೆಯುತ್ತದೆ.

ಒಳನಿಗಾದ ರಚನೆ

ಒಳನಿಗಾಕ್ಕೆ ತಂತ್ರಾಂಶದ ಸಹಕಾರ ಬೇಕು. ಕೋಡ್ ಬರೆಯುವವರೇ ಎಣಿಕೆಯ ಸಾಲುಗಳನ್ನು ಸೇರಿಸುವುದಕ್ಕೆ ಇನ್‌ಸ್ಟ್ರುಮೆಂಟೇಶನ್ ಎನ್ನುತ್ತಾರೆ. ಅಪ್ಲಿಕೇಶನ್ ನಡೆಯುವಾಗ ಅದರೊಳಗೆ ಏಜೆಂಟ್ ಸೇರಿಸಿ ಇದನ್ನು ತಾನಾಗಿ ಮಾಡಿಸುವ ಎಪಿಎಂ (ಅಪ್ಲಿಕೇಶನ್ ಪರ್ಫಾರ್ಮೆನ್ಸ್ ಮಾನಿಟರಿಂಗ್) ಉತ್ಪನ್ನಗಳು 1990ರ ದಶಕದ ಕೊನೆಯಿಂದ ಬಂದವು. ಜಾವಾ ಅಪ್ಲಿಕೇಶನ್‌ಗಳಿಗೆ ಇಂಥ ಸಾಧನ ಕೊಟ್ಟ ವೈಲಿ ಟೆಕ್ನಾಲಜಿ ಮತ್ತು 2008ರ ನ್ಯೂ ರೆಲಿಕ್, ಎರಡನ್ನೂ ಸ್ಥಾಪಿಸಿದವರು ಲ್ಯೂ ಸರ್ನ್.

ಮೆಟ್ರಿಕ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ. ಕೌಂಟರ್ ಏರುತ್ತಲೇ ಹೋಗುವ ಎಣಿಕೆ. ಕಾರ್ಯಕ್ರಮ ಮರುಚಾಲನೆಯಾದಾಗ ಮಾತ್ರ ಸೊನ್ನೆಗೆ ಇಳಿಯುತ್ತದೆ. ಇಲ್ಲಿ ಬೇಕಾದದ್ದು ಅದರ ಬೆಲೆಯಲ್ಲ, ಏರುವ ವೇಗ. ಗೇಜ್ ಏರಿಳಿಯುವ ಸಂಖ್ಯೆ: ಬಳಕೆಯಲ್ಲಿರುವ ಮೆಮೊರಿ, ಕ್ಯೂನಲ್ಲಿ ಕಾದಿರುವ ಕೆಲಸಗಳು. ಹಿಸ್ಟೋಗ್ರಾಂ ಎಷ್ಟು ಕೋರಿಕೆಗಳು ಯಾವ ಸಮಯದ ಮಿತಿಯೊಳಗೆ ಮುಗಿದವು ಎಂದು ವಿಂಗಡಿಸಿ ಎಣಿಸುತ್ತದೆ. ಇದರ ಅಗತ್ಯವನ್ನು ಒಂದು ಲೆಕ್ಕ ತೋರಿಸುತ್ತದೆ. ನೂರು ಕೋರಿಕೆಗಳಲ್ಲಿ 99ಕ್ಕೆ ತಲಾ 100 ಮಿಲಿಸೆಕೆಂಡ್, ಉಳಿದ ಒಂದಕ್ಕೆ 10 ಸೆಕೆಂಡ್ ಹಿಡಿದರೆ ಸರಾಸರಿ 199 ಮಿಲಿಸೆಕೆಂಡ್. ನೋಡಲು ಅದು ಉತ್ತಮ ಸಂಖ್ಯೆ. ಹತ್ತು ಸೆಕೆಂಡ್ ಕಾದ ಬಳಕೆದಾರ ಅದರಲ್ಲಿ ಮರೆಯಾಗಿದ್ದಾನೆ. ಸರಾಸರಿಯ ಬದಲು 95ನೆಯ, 99ನೆಯ ಪರ್ಸೆಂಟೈಲ್ ನೋಡುವ ರೂಢಿ ಬಂದದ್ದು ಇದಕ್ಕಾಗಿ.

ಸಂಗ್ರಹದ ಕ್ರಮ ಎರಡು. ಪುಲ್ ಕ್ರಮದಲ್ಲಿ ನಿಗಾ ಸರ್ವರ್ ನಿಯತವಾಗಿ ಬಂದು ಅಪ್ಲಿಕೇಶನ್‌ನ ಮೆಟ್ರಿಕ್ಸ್ ಪುಟ ಓದಿಕೊಂಡು ಹೋಗುತ್ತದೆ. ಪ್ರೊಮಿಥಿಯಸ್ ಈ ಬಗೆಯದು. ಪುಶ್ ಕ್ರಮದಲ್ಲಿ ಅಪ್ಲಿಕೇಶನ್ ತಾನೇ ಕಳಿಸುತ್ತದೆ. ಎಟ್ಸಿ ಸಂಸ್ಥೆ 2011ರಲ್ಲಿ ಬಿಡುಗಡೆ ಮಾಡಿದ ಸ್ಟ್ಯಾಟ್ಸ್‌ಡಿ ಈ ಬಗೆಯದು. ಪುಲ್ ಕ್ರಮಕ್ಕೆ ಒಂದು ಅನುಕೂಲ ಸಹಜವಾಗಿ ಒದಗುತ್ತದೆ: ಓದಲು ಹೋದಾಗ ಉತ್ತರ ಸಿಗದಿದ್ದರೆ ಅದೇ ಒಂದು ಹೊರ ತಪಾಸಣೆಯ ಫಲಿತಾಂಶ. ಮೆಟ್ರಿಕ್ ಅಗ್ಗದ ದತ್ತಾಂಶ. ಫೇಸ್‌ಬುಕ್ 2015ರಲ್ಲಿ ವಿವರಿಸಿದ ‘ಗೊರಿಲ್ಲಾ’ ಸಂಗ್ರಹವು 16 ಬೈಟ್‌ಗಳ ಒಂದು ಅಳತೆಯನ್ನು ಸರಾಸರಿ 1.37 ಬೈಟ್‌ಗೆ ಕುಗ್ಗಿಸಿತು. ಆದರೆ ಬಳಕೆದಾರನ ಗುರುತಿನಂಥ ಲಕ್ಷಾಂತರ ಬೆಲೆಗಳಿರುವ ಲೇಬಲ್ ಸೇರಿಸಿದರೆ ಒಂದೊಂದು ಬೆಲೆಗೂ ಹೊಸ ಸರಣಿ ಹುಟ್ಟಿ ಆ ಅಗ್ಗತನ ಇಲ್ಲವಾಗುತ್ತದೆ. ಇದಕ್ಕೆ ಕಾರ್ಡಿನಾಲಿಟಿ ಸಮಸ್ಯೆ ಎನ್ನುತ್ತಾರೆ. ಅಂಥ ವಿವರಕ್ಕೆ ತಕ್ಕ ಜಾಗ ಲಾಗ್ ಮತ್ತು ಟ್ರೇಸ್.

ಟ್ರೇಸಿಂಗ್‌ಗೆ ವ್ಯಾಪಕ ರೂಪ ಕೊಟ್ಟದ್ದು ಗೂಗಲ್ 2010ರಲ್ಲಿ ಪ್ರಕಟಿಸಿದ ‘ಡ್ಯಾಪರ್’ ಪ್ರಬಂಧ. ಟ್ವಿಟರ್‌ನ ಜಿಪ್ಕಿನ್, ಊಬರ್‌ನ ಯೇಗರ್ ಅದರ ಮಾದರಿಯಲ್ಲಿ ಬಂದವು. ಕೋರಿಕೆ ಮೊದಲ ಸರ್ವರ್‌ಗೆ ಬಂದಾಗಲೇ ಅದಕ್ಕೊಂದು ಗುರುತು ಅಂಟುತ್ತದೆ. ಮುಂದಿನ ಪ್ರತಿ ಸರ್ವರ್‌ಗೂ ಅದೇ ಗುರುತು ಸಾಗುತ್ತದೆ. ಡಬ್ಲ್ಯು3ಸಿ 2020ರ ಫೆಬ್ರವರಿಯಲ್ಲಿ ಅಂಗೀಕರಿಸಿದ ‘ಟ್ರೇಸ್ ಕಾಂಟೆಕ್ಸ್ಟ್’ ಮಾನದಂಡದ ಪ್ರಕಾರ ಈ ಗುರುತಿನ ಸಾಲಿನಲ್ಲಿ ನಾಲ್ಕು ಭಾಗಗಳಿವೆ: ಆವೃತ್ತಿ, ಇಡೀ ಪಯಣಕ್ಕೆ ಒಂದೇ ಆಗಿರುವ 32 ಅಕ್ಷರಗಳ ಟ್ರೇಸ್ ಗುರುತು, ಕಳಿಸಿದ ಹಂತದ 16 ಅಕ್ಷರಗಳ ಗುರುತು, ದಾಖಲಿಸಬೇಕೇ ಬೇಡವೇ ಎಂಬ ಸೂಚನೆ. ಎಲ್ಲ ಕೋರಿಕೆಗಳನ್ನೂ ದಾಖಲಿಸುವುದು ದುಬಾರಿ. ಡ್ಯಾಪರ್‌ನ ಮೊದಲ ಆವೃತ್ತಿ ಸರಾಸರಿ 1,024ರಲ್ಲಿ ಒಂದನ್ನಷ್ಟೇ ಉಳಿಸಿಕೊಳ್ಳುತ್ತಿತ್ತು.

ಯಾವುದನ್ನು ಅಳೆಯಬೇಕು ಎಂಬುದಕ್ಕೆ ಕೆಲವು ಸೂತ್ರಗಳು ಬಳಕೆಯಲ್ಲಿವೆ. ಗೂಗಲ್‌ನ ಪುಸ್ತಕ ಹೇಳುವ ‘ನಾಲ್ಕು ಚಿನ್ನದ ಸಂಕೇತ’ಗಳು ವಿಳಂಬ, ದಟ್ಟಣೆ, ದೋಷ ಮತ್ತು ಸಾಮರ್ಥ್ಯದ ಭರ್ತಿ. ಬ್ರೆಂಡನ್ ಗ್ರೆಗ್ ಅವರ ‘ಯೂಸ್’ ವಿಧಾನ ಯಂತ್ರ ಸಂಪನ್ಮೂಲಗಳಿಗೆ, ಟಾಮ್ ವಿಲ್ಕಿ ಅವರ ‘ರೆಡ್’ ವಿಧಾನ ಸೇವೆಗಳಿಗೆ ಹೊಂದುತ್ತದೆ.

ಕಾಣದ ಎಡೆಗಳು

ಎರಡು ವಿಧಾನಗಳ ದೌರ್ಬಲ್ಯ ಆಕಸ್ಮಿಕವಲ್ಲ. ಅವು ನಿಂತ ಜಾಗದಿಂದಲೇ ಬಂದದ್ದು.

ಒಳನಿಗಾಕ್ಕೆ ಬಾರದ ಕೋರಿಕೆ ಕಾಣುವುದಿಲ್ಲ. ಡಿಎನ್‌ಎಸ್ ತಪ್ಪಿದರೆ, ನಡುದಾರಿಯ ಜಾಲ ಕಡಿದರೆ, ಪ್ರಮಾಣಪತ್ರದ ಅವಧಿ ಮುಗಿದು ಬ್ರೌಸರ್‌ಗಳೇ ಹಿಂದೆ ಸರಿದರೆ, ಅಪ್ಲಿಕೇಶನ್‌ನ ದೋಷದ ಎಣಿಕೆ ಸೊನ್ನೆಯಲ್ಲೇ ಉಳಿಯುತ್ತದೆ, ಸಿಪಿಯು ಬಳಕೆ ಇಳಿಯುತ್ತದೆ, ವಿಳಂಬ ಸುಧಾರಿಸುತ್ತದೆ. ಡ್ಯಾಶ್‌ಬೋರ್ಡ್ ಪೂರ್ತಿ ಹಸಿರಾಗಿರುವಾಗಲೇ ಒಬ್ಬ ಬಳಕೆದಾರನಿಗೂ ಸೇವೆ ಸಿಗದಿರುವುದು ಸಾಧ್ಯ. ದಟ್ಟಣೆಯ ಏರಿಕೆಗೆ ಮಾತ್ರವಲ್ಲ, ಅಸಹಜ ಇಳಿಕೆಗೂ ಅಲರ್ಟ್ ಇಡುವುದು ಈ ಕಾರಣಕ್ಕೆ. ಇನ್ನೊಂದು ಮಿತಿ, ಯಾರೂ ಎಣಿಸಬೇಕೆಂದು ಯೋಚಿಸದ ದೋಷ ಎಣಿಕೆಗೆ ಸಿಗದು.

ಹೊರನಿಗಾದ ಮಿತಿ ಮಾದರಿಯ ಗಾತ್ರದ್ದು. ನಿಮಿಷಕ್ಕೊಮ್ಮೆ ತಪಾಸಿಸುವ ಪ್ರೋಬ್ ದಿನಕ್ಕೆ 1,440 ಕೋರಿಕೆ ಕಳಿಸುತ್ತದೆ. ಶೇ 1ರಷ್ಟು ಕೋರಿಕೆಗಳು ವಿಫಲವಾಗುತ್ತಿದ್ದರೆ ಅದಕ್ಕೆ ದಿನವಿಡೀ ಸುಮಾರು 14 ವೈಫಲ್ಯ ಕಾಣಬಹುದು. ಸುಳ್ಳು ಅಲರ್ಟ್ ತಪ್ಪಿಸಲು ‘ಸತತ ಮೂರು ಬಾರಿ ವಿಫಲವಾದರೆ ಮಾತ್ರ ಎಬ್ಬಿಸು’ ಎಂಬ ನಿಯಮ ಸಾಮಾನ್ಯ. ವೈಫಲ್ಯಗಳು ಚದುರಿದಂತೆ ಬರುತ್ತಿದ್ದರೆ ಸತತ ಮೂರು ಬೀಳುವ ಸಂಭವ ಹತ್ತು ಲಕ್ಷದಲ್ಲಿ ಒಂದು. ಅಂದರೆ ಈ ಪ್ರೋಬ್ ಬಾಯಿ ಬಿಡುವುದು ಸುಮಾರು ಎರಡು ವರ್ಷಕ್ಕೊಮ್ಮೆ. ಸೆಕೆಂಡಿಗೆ 1,000 ಕೋರಿಕೆ ಬರುವ ಅದೇ ಸೇವೆಯ ಒಳಗಿನ ಕೌಂಟರ್ ನಿಮಿಷಕ್ಕೆ 600 ದೋಷ ಎಣಿಸುತ್ತಿರುತ್ತದೆ. ಭಾಗಶಃ ವೈಫಲ್ಯವನ್ನು ಹಿಡಿಯುವುದು ಒಳನಿಗಾದಿಂದಲೇ ಎನ್ನುವುದಕ್ಕೆ ಈ ಲೆಕ್ಕ ಸಾಕು.

ಮುಂದೆ ಬರಲಿರುವುದನ್ನೂ ಹೊರನಿಗಾ ಕಾಣದು. ನಿಮಿಷಕ್ಕೆ 600 ಕೆಲಸ ಬಂದು 550 ಮಾತ್ರ ಮುಗಿಯುತ್ತಿರುವ, 10,000 ಕೆಲಸ ಹಿಡಿಸುವ ಕ್ಯೂ ತುಂಬಲು 200 ನಿಮಿಷ ಬೇಕು. ಕೆಲಸವನ್ನು ಕ್ಯೂಗೆ ಹಾಕಿ ‘ಸ್ವೀಕರಿಸಲಾಗಿದೆ’ ಎಂದು ಉತ್ತರಿಸುವ ಸೇವೆಯಾದರೆ ಆ ಮೂರು ಗಂಟೆ ಇಪ್ಪತ್ತು ನಿಮಿಷವೂ ಹೊರಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಕ್ಯೂ ಉದ್ದದ ಗೇಜ್ ಮೊದಲ ಹತ್ತು ನಿಮಿಷದಲ್ಲೇ ಏರಿಕೆಯನ್ನು ತೋರಿಸಿರುತ್ತದೆ. ಡಿಸ್ಕ್ ತುಂಬುವುದು, ಮೆಮೊರಿ ಸೋರುವುದು ಇದೇ ಜಾತಿಯ ತೊಂದರೆಗಳು.

ಪ್ರಮಾಣಪತ್ರಗಳ ವಿಷಯ ಎರಡೂ ಕಡೆಗೆ ಸೇರುತ್ತದೆ. ಹೊರಮುಖದ ಪ್ರಮಾಣಪತ್ರದ ಕೊನೆಯ ದಿನವನ್ನು ಯಾವ ಪ್ರೋಬ್ ಬೇಕಾದರೂ ವಾರಗಳ ಮುಂಚೆ ಓದಬಲ್ಲದು. ಒಳಗೆ ಹುದುಗಿದ್ದನ್ನು ಓದಲಾರದು. 2018ರ ಡಿಸೆಂಬರ್ 6ರಂದು ಎರಿಕ್ಸನ್ ಉಪಕರಣಗಳ ತಂತ್ರಾಂಶದಲ್ಲಿದ್ದ ಪ್ರಮಾಣಪತ್ರದ ಅವಧಿ ಮುಗಿದು ಬ್ರಿಟನ್‌ನ ಓ2, ಜಪಾನಿನ ಸಾಫ್ಟ್‌ಬ್ಯಾಂಕ್ ಜಾಲಗಳ ಗ್ರಾಹಕರು ಸಂಪರ್ಕ ಕಳೆದುಕೊಂಡರು.

ಗಡಿಯ ವಿಧಾನಗಳು

ಕೆಲವು ವಿಧಾನಗಳು ಎರಡು ವರ್ಗಗಳ ನಡುವೆ ಬರುತ್ತವೆ. ರಿಯಲ್ ಯೂಸರ್ ಮಾನಿಟರಿಂಗ್‌ನಲ್ಲಿ ಅಳೆಯುವುದು ನಿಜವಾದ ಬಳಕೆದಾರನ ಬ್ರೌಸರ್ ಅಥವಾ ಆ್ಯಪ್. ಜಾಗ ಹೊರಗಿನದು, ಅಳತೆ ಮಾಡುವ ಕೋಡ್ ಮಾತ್ರ ಸೇವೆಯವರದೇ. ಪುಟವೇ ತೆರೆಯದ ಬಳಕೆದಾರ ಇದರ ಲೆಕ್ಕಕ್ಕೂ ಸಿಗುವುದಿಲ್ಲ. ಲೋಡ್ ಬ್ಯಾಲೆನ್ಸರ್‌ನ ಲಾಗ್ ಇನ್ನೊಂದು ನಡುಜಾಗ: ಹಿಂದಿನ ಅಪ್ಲಿಕೇಶನ್ ಸತ್ತಿದ್ದರೂ ಅದು 502, 503 ಕೋಡ್‌ಗಳನ್ನು ಎಣಿಸಿರುತ್ತದೆ.

ಹೆಲ್ತ್ ಚೆಕ್ ಅಂದರೆ ‘ನೀನು ಸರಿಯಾಗಿದ್ದೀಯಾ’ ಎಂಬ ಹೊರಗಿನ ಪ್ರಶ್ನೆಗೆ ಅಪ್ಲಿಕೇಶನ್ ತನ್ನ ಒಳಗನ್ನು ನೋಡಿಕೊಂಡು ಕೊಡುವ ಉತ್ತರ. ಕುಬರ್ನೆಟೀಸ್‌ನಲ್ಲಿ ಇದಕ್ಕೆ ಲೈವ್‌ನೆಸ್, ರೆಡಿನೆಸ್, ಸ್ಟಾರ್ಟಪ್ ಎಂಬ ಮೂರು ಪ್ರೋಬ್‌ಗಳಿವೆ. ಲೈವ್‌ನೆಸ್ ವಿಫಲವಾದರೆ ಕಂಟೇನರ್ ಮರುಚಾಲನೆಯಾಗುತ್ತದೆ. ರೆಡಿನೆಸ್ ವಿಫಲವಾದರೆ ಅದಕ್ಕೆ ಕೋರಿಕೆ ಕಳಿಸುವುದು ನಿಲ್ಲುತ್ತದೆ. ಲೈವ್‌ನೆಸ್ ತಪಾಸಣೆಯೊಳಗೆ ಡೇಟಾಬೇಸನ್ನೂ ಮುಟ್ಟಿ ನೋಡುವಂತೆ ಬರೆಯುವುದು ಅಪಾಯಕರ. ಡೇಟಾಬೇಸ್ ಅರೆಗಳಿಗೆ ತಡವರಿಸಿದರೂ ಎಲ್ಲ ಕಂಟೇನರ್‌ಗಳು ಒಟ್ಟಿಗೇ ಮರುಚಾಲನೆಗೊಂಡು ಸಣ್ಣ ತೊಡಕು ದೊಡ್ಡದಾಗುತ್ತದೆ.

ಲಿನಕ್ಸ್‌ನಲ್ಲಿ 2014ರಿಂದ ಲಭ್ಯವಿರುವ ಇಬಿಪಿಎಫ್ ತಂತ್ರ ಅಪ್ಲಿಕೇಶನ್‌ನ ಕೋಡ್ ಮುಟ್ಟದೆ ಕರ್ನಲ್ ಮಟ್ಟದಿಂದ ಅದರ ಜಾಲ ಸಂಪರ್ಕ, ಫೈಲ್ ಬಳಕೆ, ವಿಳಂಬಗಳನ್ನು ಗಮನಿಸುತ್ತದೆ. ಸನ್ ಮೈಕ್ರೊಸಿಸ್ಟಮ್ಸ್‌ನ ಸೊಲಾರಿಸ್ 10ರಲ್ಲಿ 2005ರಲ್ಲಿ ಬಂದ ಡಿಟ್ರೇಸ್ ಈ ದಾರಿಯ ಹಿರಿಯ. ಅಪ್ಲಿಕೇಶನ್ ದೃಷ್ಟಿಯಿಂದ ಇದು ಹೊರಗು, ಯಂತ್ರದ ದೃಷ್ಟಿಯಿಂದ ಒಳಗು.

ಅಲರ್ಟ್ ನೀತಿ

ಸಂಕೇತ ಇರುವುದು ಬೇರೆ, ಅದು ಯಾರನ್ನಾದರೂ ಎಚ್ಚರಿಸುವುದು ಬೇರೆ. ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ 2012ರ ಆಗಸ್ಟ್ 1ರಂದು ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ಹೋಗಿರಲಿಲ್ಲ. ಮಾರುಕಟ್ಟೆ ತೆರೆಯುವ ಮುನ್ನವೇ ವ್ಯವಸ್ಥೆ ಈ ದೋಷವನ್ನು ಸೂಚಿಸುವ 97 ಇಮೇಲ್‌ಗಳನ್ನು ಸಿಬ್ಬಂದಿಗೆ ಕಳಿಸಿತ್ತು. ಅವು ಅಲರ್ಟ್ ಎಂದು ವಿನ್ಯಾಸಗೊಂಡಿರಲಿಲ್ಲ, ಯಾರೂ ಅವುಗಳ ಮೇಲೆ ಕ್ರಮ ಕೈಗೊಳ್ಳಲಿಲ್ಲ. ಸುಮಾರು 45 ನಿಮಿಷಗಳ ತಪ್ಪು ವಹಿವಾಟಿನಿಂದ ಸಂಸ್ಥೆ 46 ಕೋಟಿ ಡಾಲರ್‌ಗೂ ಹೆಚ್ಚು ಕಳೆದುಕೊಂಡಿತು ಎಂದು ಅಮೆರಿಕದ ಷೇರು ನಿಯಂತ್ರಣ ಆಯೋಗದ 2013ರ ಆದೇಶ ದಾಖಲಿಸಿದೆ.

ನಿದ್ದೆಯಿಂದ ಎಬ್ಬಿಸುವ ಅಲರ್ಟ್ ಬಳಕೆದಾರನಿಗೆ ತಟ್ಟುವ ಲಕ್ಷಣಕ್ಕೆ ಇರಬೇಕು, ಒಳಗಿನ ಕಾರಣಗಳು ಡ್ಯಾಶ್‌ಬೋರ್ಡ್‌ನಲ್ಲಿ ಇದ್ದರೆ ಸಾಕು ಎಂಬುದು ಈಗ ವ್ಯಾಪಕವಾಗಿ ಒಪ್ಪಿತವಾದ ನಿಲುವು. ಸಿಪಿಯು ಶೇ 90 ದಾಟಿದ ಮಾತ್ರಕ್ಕೆ ಯಾರಿಗೂ ತೊಂದರೆಯಾಗಿರಬೇಕೆಂದಿಲ್ಲ. ಲಕ್ಷಣದ ಅಳತೆಗೆ ಎಸ್‌ಎಲ್‌ಒ ಎಂಬ ಗುರಿ ಇಡುತ್ತಾರೆ. ತಿಂಗಳಿಗೆ ಶೇ 99.9 ಲಭ್ಯತೆಯ ಗುರಿ ಎಂದರೆ 30 ದಿನಗಳಲ್ಲಿ 43.2 ನಿಮಿಷ ವೈಫಲ್ಯಕ್ಕೆ ಅವಕಾಶ, ಶೇ 99.99 ಎಂದರೆ 4.32 ನಿಮಿಷ. ನಿಮಿಷಕ್ಕೊಮ್ಮೆ ತಪಾಸಿಸಿ ಸತತ ಮೂರು ವೈಫಲ್ಯಕ್ಕೆ ಕಾಯುವ ಪ್ರೋಬ್ ಒಂದೇ ಆಧಾರವಾದರೆ ಎರಡನೆಯ ಗುರಿಯ ಬಹುಪಾಲು ತೊಂದರೆ ಗೊತ್ತಾಗುವಷ್ಟರಲ್ಲೇ ಮುಗಿದಿರುತ್ತದೆ.

ನಿಗಾ ವ್ಯವಸ್ಥೆಯ ಸ್ವಂತ ವೈಫಲ್ಯ

ನಿಗಾ ವ್ಯವಸ್ಥೆ ತಾನು ಕಾಯುವ ಸೇವೆಯ ಮೇಲೆಯೇ ಅವಲಂಬಿಸಿದ್ದರೆ ಎರಡೂ ಒಟ್ಟಿಗೆ ಬೀಳುತ್ತವೆ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ಅಮೆರಿಕದ ಪೂರ್ವ ವಲಯದಲ್ಲಿ ನಿಂತಾಗ, ಅದರ ಸ್ಥಿತಿಯನ್ನು ಸಾರ್ವಜನಿಕರಿಗೆ ತಿಳಿಸುವ ಫಲಕವನ್ನು ಬದಲಿಸಲು ಆಗಲಿಲ್ಲ. ಆ ಫಲಕದ ಆಡಳಿತ ಸಾಧನವೂ ಎಸ್3 ಅನ್ನೇ ನೆಚ್ಚಿತ್ತು.

ಇದಕ್ಕಿಂತ ದೊಡ್ಡ ಉದಾಹರಣೆ 2021ರ ಅಕ್ಟೋಬರ್ 4ರದು. ಫೇಸ್‌ಬುಕ್‌ನಲ್ಲಿ ನಿರ್ವಹಣೆಯ ವೇಳೆ, ಬೆನ್ನೆಲುಬು ಜಾಲದ ಸಾಮರ್ಥ್ಯ ಅಳೆಯಲು ಕೊಟ್ಟ ಆದೇಶವೊಂದು ಅದರ ಎಲ್ಲ ಕೊಂಡಿಗಳನ್ನೂ ಕಳಚಿತು. ಅಂಥ ಆದೇಶವನ್ನು ತಡೆಯಬೇಕಿದ್ದ ಪರಿಶೋಧನಾ ಸಾಧನದಲ್ಲಿ ದೋಷವಿತ್ತು. ಡೇಟಾಸೆಂಟರ್‌ಗಳನ್ನು ತಲುಪಲಾಗದ ಡಿಎನ್‌ಎಸ್ ಸರ್ವರ್‌ಗಳು ತಮ್ಮ ಸಂಪರ್ಕವೇ ಕೆಟ್ಟಿದೆ ಎಂದು ಬಗೆದು ತಮ್ಮನ್ನು ತಲುಪುವ ದಾರಿಯನ್ನು ಇಂಟರ್ನೆಟ್ಟಿಗೆ ಸಾರುವ ಬಿಜಿಪಿ ಘೋಷಣೆಗಳನ್ನು ಹಿಂತೆಗೆದುಕೊಂಡವು. ಸುಮಾರು ಆರು ಗಂಟೆ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್ಆ್ಯಪ್ ಇಲ್ಲವಾದವು. ಒಳಗಿನ ತನಿಖಾ ಸಾಧನಗಳೂ ಅದೇ ಜಾಲವನ್ನು ಅವಲಂಬಿಸಿದ್ದರಿಂದ ಕೈಕೊಟ್ಟವು. ಎಂಜಿನಿಯರ್‌ಗಳನ್ನು ಡೇಟಾಸೆಂಟರ್‌ಗಳಿಗೇ ಕಳಿಸಬೇಕಾಯಿತು. ಹೊರಗಿನವರಿಗೆ ಮಾತ್ರ ಚಿತ್ರ ಸ್ಪಷ್ಟವಿತ್ತು. ಕ್ಲೌಡ್‌ಫ್ಲೇರ್ ತನ್ನ ಸಾರ್ವಜನಿಕ ಡಿಎನ್‌ಎಸ್ ಸೇವೆಯಲ್ಲಿ ಕಂಡದ್ದನ್ನೂ, ಹಿಂತೆಗೆದ ಬಿಜಿಪಿ ಮಾರ್ಗಗಳನ್ನೂ ಅಂದೇ ವಿವರಿಸಿ ಪ್ರಕಟಿಸಿತು.

ಪರಿಹಾರವಾಗಿ ಹೊರ ಪ್ರೋಬ್‌ಗಳನ್ನು ಬೇರೆ ಸಂಸ್ಥೆಯ ಜಾಲದಲ್ಲಿ ಇಡುತ್ತಾರೆ. ಒಳನಿಗಾಕ್ಕೆ ‘ವಾಚ್‌ಡಾಗ್’ ಕ್ರಮ ಇದೆ: ಸದಾ ಹೊತ್ತಿಯೇ ಇರುವ ಒಂದು ಅಲರ್ಟನ್ನು ಹೊರಗಿನ ಸೇವೆಯೊಂದಕ್ಕೆ ಕಳಿಸುತ್ತಿರುವುದು, ಅದು ಬರುವುದು ನಿಂತಾಗ ಆ ಸೇವೆ ಮನುಷ್ಯರನ್ನು ಕರೆಯುವುದು.

ಭಾರತದಲ್ಲಿ

ಭಾರತದ ಪಾವತಿ ಮತ್ತು ಷೇರು ವಹಿವಾಟು ಕ್ಷೇತ್ರಗಳಲ್ಲಿ ಎರಡೂ ವಿಧಾನಗಳು ನಿಯಂತ್ರಣದ ಭಾಗವಾಗಿವೆ. ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಬ್ಯಾಂಕುವಾರು ವೈಫಲ್ಯದ ಪ್ರಮಾಣವನ್ನು ತಿಂಗಳು ತಿಂಗಳು ಪ್ರಕಟಿಸುತ್ತದೆ. ಅದರಲ್ಲಿ ‘ಟೆಕ್ನಿಕಲ್ ಡಿಕ್ಲೈನ್’ ಬ್ಯಾಂಕ್ ಅಥವಾ ಜಾಲದ ತೊಂದರೆಯದು. ‘ಬಿಸಿನೆಸ್ ಡಿಕ್ಲೈನ್’ ತಪ್ಪು ಪಿನ್, ಖಾತೆಯಲ್ಲಿ ಸಾಕಷ್ಟು ಹಣವಿಲ್ಲದಿರುವಂಥ ಗ್ರಾಹಕನ ಕಡೆಯದು. ಎಚ್‌ಟಿಟಿಪಿಯಲ್ಲಿ 500ರ ಸರಣಿಯ ಕೋಡ್‌ಗಳನ್ನು 400ರ ಸರಣಿಯಿಂದ ಬೇರ್ಪಡಿಸುವಷ್ಟೇ ಅಗತ್ಯವಾದ ವಿಂಗಡಣೆ ಇದು. ಬ್ಯಾಂಕಿನ ಮಟ್ಟಿಗೆ ನಿಗಮದ ಅಳತೆ ಹೊರನಿಗಾ. ನಿಗಮದ ಸ್ವಿಚ್‌ನ ಮಟ್ಟಿಗೆ ಅದೇ ಒಳಗಿನ ಮೆಟ್ರಿಕ್.

ಸೆಬಿ 2022ರ ನವೆಂಬರ್ 25ರ ಸುತ್ತೋಲೆಯಲ್ಲಿ ಷೇರು ದಲ್ಲಾಳಿಗಳ ವ್ಯವಸ್ಥೆ ಸತತ ಐದು ನಿಮಿಷ ಅಥವಾ ಹೆಚ್ಚು ಹೊತ್ತು ನಿಲ್ಲುವುದು, ನಿಧಾನವಾಗುವುದು ಅಥವಾ ಸಹಜ ಕಾರ್ಯದಿಂದ ತಪ್ಪುವುದನ್ನು ‘ತಾಂತ್ರಿಕ ದೋಷ’ ಎಂದು ವ್ಯಾಖ್ಯಾನಿಸಿತು. ನಿರ್ದಿಷ್ಟ ದಲ್ಲಾಳಿಗಳ ಒಳ ಅಳತೆಗಳನ್ನು ಷೇರು ವಿನಿಮಯ ಕೇಂದ್ರಗಳು ಎಪಿಐ ಮೂಲಕ ಪಡೆಯುವ ‘ಲಾಮಾ’ ಎಂಬ ಏರ್ಪಾಡನ್ನೂ ಅದು ವಿಧಿಸಿತು. ಒಳಗಿನ ಮೆಟ್ರಿಕ್ಕನ್ನು ಹೊರಗಿನ ಸಂಸ್ಥೆಯ ಕೈಗೆ ಕೊಡುವ ಈ ಕ್ರಮದ ವ್ಯಾಪ್ತಿಗೆ ಬೆಂಗಳೂರಿನಲ್ಲಿ ನೆಲೆಸಿದ ದೊಡ್ಡ ದಲ್ಲಾಳಿ ಸಂಸ್ಥೆಗಳೂ ಬರುತ್ತವೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು, ಸೈಬರ್ ಘಟನೆಗಳನ್ನು ಆರು ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರಗಳ ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಬೇಕು ಎನ್ನುತ್ತದೆ. ಕೊನೆಯ ಷರತ್ತು ಚಿಕ್ಕದಾಗಿ ಕಂಡರೂ ಮುಖ್ಯ. ಎರಡು ಸರ್ವರ್‌ಗಳ ಗಡಿಯಾರ ಕೆಲವೇ ಸೆಕೆಂಡ್ ಹೊಂದದಿದ್ದರೂ ಲಾಗ್‌ಗಳಲ್ಲಿ ಕಾರಣಕ್ಕಿಂತ ಮೊದಲು ಪರಿಣಾಮ ನಡೆದಂತೆ ಕಾಣುತ್ತದೆ.

ಬಹುರಾಷ್ಟ್ರೀಯ ಸಂಸ್ಥೆಗಳ ಆನ್‌ಕಾಲ್ ಸರದಿಯಲ್ಲಿ ಬೆಂಗಳೂರಿಗೆ ದೊಡ್ಡ ಪಾಲಿದೆ. ಕ್ಯಾಲಿಫೋರ್ನಿಯಾದೊಂದಿಗಿನ ಅಂತರ ಋತುವಿಗೆ ತಕ್ಕಂತೆ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಇರುವುದರಿಂದ ಒಂದು ಕಡೆಯ ರಾತ್ರಿ ಇನ್ನೊಂದು ಕಡೆಯ ಹಗಲಿಗೆ ಸೇರುತ್ತದೆ.

ಇಂದಿನ ಸ್ಥಿತಿ

ಓಪನ್‌ಟ್ರೇಸಿಂಗ್ ಮತ್ತು ಓಪನ್‌ಸೆನ್ಸಸ್ ಯೋಜನೆಗಳು 2019ರಲ್ಲಿ ಒಂದಾಗಿ ‘ಓಪನ್‌ಟೆಲಿಮೆಟ್ರಿ’ ಆದವು. ಮೆಟ್ರಿಕ್, ಲಾಗ್, ಟ್ರೇಸ್ ಮೂರಕ್ಕೂ ಒಂದೇ ಲೈಬ್ರರಿ ಮತ್ತು ಒಂದೇ ಸಾಗಣೆಯ ಶಿಷ್ಟಾಚಾರ ಕೊಡುವ ಇದನ್ನು ದೊಡ್ಡ ಕ್ಲೌಡ್ ಸಂಸ್ಥೆಗಳೂ ನಿಗಾ ಉತ್ಪನ್ನಗಳ ಮಾರಾಟಗಾರರೂ ಬೆಂಬಲಿಸುತ್ತಾರೆ. ಒಮ್ಮೆ ಬರೆದ ಇನ್‌ಸ್ಟ್ರುಮೆಂಟೇಶನ್ ಬದಲಿಸದೆ ದತ್ತಾಂಶ ಕಳಿಸುವ ಸಂಸ್ಥೆಯನ್ನು ಬದಲಿಸಬಹುದು. ದತ್ತಾಂಶದ ಗಾತ್ರ ಮತ್ತು ಶುಲ್ಕ ಒಳನಿಗಾದ ಇಂದಿನ ದೊಡ್ಡ ಚಿಂತೆ. ಯಾವುದನ್ನು ಸಂಗ್ರಹಿಸಬಾರದು ಎಂಬ ನಿರ್ಣಯವೂ ಈಗ ಎಂಜಿನಿಯರಿಂಗ್ ಕೆಲಸದ ಭಾಗ.

ಭಾಷಾ ಮಾದರಿಗಳನ್ನು ಆಧರಿಸಿದ ಸೇವೆಗಳು ಹೊರನಿಗಾಕ್ಕೆ ಹೊಸ ಹೊಣೆ ತಂದಿವೆ. ಇಲ್ಲಿ ಉತ್ತರದ ಕೋಡ್ 200 ಆಗಿದ್ದು, ವಿಳಂಬ ಮಿತಿಯೊಳಗಿದ್ದು, ಉತ್ತರದ ತಿರುಳು ತಪ್ಪಾಗಿರಬಹುದು. ಒಳಗಿನ ಯಾವ ಕೌಂಟರ್ ಕೂಡ ಅದನ್ನು ದೋಷ ಎಂದು ಎಣಿಸದು. ಸರಿ ಉತ್ತರ ಮೊದಲೇ ಗೊತ್ತಿರುವ ಪ್ರಶ್ನೆಗಳನ್ನು ನಿಯತವಾಗಿ ಕೇಳಿ, ಬಂದ ಉತ್ತರಕ್ಕೆ ಅಂಕ ಹಾಕುವ ತಪಾಸಣೆಗಳು ಬಳಕೆಗೆ ಬರುತ್ತಿವೆ. ಒಳನಿಗಾದ ದತ್ತಾಂಶಕ್ಕೆ ಓಪನ್‌ಟೆಲಿಮೆಟ್ರಿ ಸಾಮಾನ್ಯ ಮಾನದಂಡವಾಗಿ ನೆಲೆಗೊಂಡಿದೆ. ಹೊರ ತಪಾಸಣೆಗಳನ್ನು ಬರೆಯಲು ಅಷ್ಟೇ ವ್ಯಾಪಕವಾಗಿ ಒಪ್ಪಿತವಾದ ಮಾನದಂಡ ಇನ್ನೂ ಬಂದಿಲ್ಲ.